ಎರಡು ಊರನ್ನು ಹೋಲಿಸಬೇಕಾದರೆ ಯಾವ ಎರಡು ಊರು? ತೌಲನಿಕ ಅಧ್ಯಯನ ಮಾಡಿದವರು ದಯವಿಟ್ಟು ಹೇಳಿ

ಪಡುವಾರಹಳ್ಳಿ ರೂಮು:

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮೈಸೂರಿನಲ್ಲೇ ಪಿಎಚ್‌ಡಿ ಕೋರ್ಸ್‌ವರ್ಕ್ ಮಾಡುತ್ತಿದ್ದೇನೆ. ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಕೊಡುವ ಸಮಯ ಹತ್ತಿರ ಬಂದಿದೆ. ಪಿಯುಸಿ ಆದ ಮೇಲೆ ಹಳ್ಳಿಯ ಹೆಣ್ಣುಮಕ್ಕಳ ಓದು ಯಾವ ಊರಿನಲ್ಲಿ ಮುಂದುವರಿಯುತ್ತದೆ, ಯಾವ ಊರಿನಲ್ಲಿ ನಿಲ್ಲುತ್ತದೆ, ಯಾಕೆ ಅನ್ನುವುದು ನನ್ನ ವಿಷಯ. ಮದ್ದೂರು ತಾಲ್ಲೂಕಿನಲ್ಲಿ ನಾಲೆ ನೀರಿನ ಒಂದು ಊರು, ನಾಗಮಂಗಲ ತಾಲ್ಲೂಕಿನಲ್ಲಿ ಮಳೆ ನಂಬಿದ ಒಂದು ಊರು, ಇವೆರಡನ್ನು ಹೋಲಿಸುತ್ತೇನೆಂದು ಬರೆದುಕೊಂಡು ಹೋದೆ. ಗೈಡ್ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಈ ಎರಡೇ ಊರು ಯಾಕಮ್ಮ?"

ಒಂದಕ್ಕೆ ನೀರಾವರಿ ಇದೆ, ಇನ್ನೊಂದಕ್ಕೆ ಇಲ್ಲ ಎಂದೆ. "ಸರಿ. ನೀರು ಬಿಟ್ಟು ಬೇರೆ ಏನೇನು ವ್ಯತ್ಯಾಸ ಇದೆ ಅಂತ ಪಟ್ಟಿ ಮಾಡಿಕೊಂಡು ಬಾ" ಅಂದರು. ಪಟ್ಟಿ ಒಂದು ಪುಟ ದಾಟಿತು.

ನಮ್ಮ ಸಂಶೋಧನಾ ವಿಧಾನದ ಪಠ್ಯಗಳಲ್ಲಿ ಪ್ರಶ್ನಾವಳಿ, ಸಂದರ್ಶನ, ಮಾದರಿ ಆಯ್ಕೆ ಇವುಗಳಿಗೆ ಅಧ್ಯಾಯಗಟ್ಟಲೆ ಜಾಗವಿದೆ. ಹೋಲಿಕೆಗೆ ಸಿಗುವುದು ಒಂದೆರಡು ಪ್ಯಾರಾ. ಆತ್ಮಹತ್ಯೆ ಕುರಿತ 1897ರ ಅಧ್ಯಯನದಲ್ಲಿ ಡರ್ಕೈಮ್ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಪ್ರದೇಶಗಳನ್ನು ಹೋಲಿಸಿದರು ಎಂದು ಪರೀಕ್ಷೆಯಲ್ಲಿ ಬರೆದಿದ್ದೇನೆ. ನಾನೇ ಒಂದು ಹೋಲಿಕೆ ಕಟ್ಟಬೇಕೆಂದರೆ ಎಲ್ಲಿಂದ ಹಿಡಿಯಬೇಕು? ಓದಬೇಕಾದ್ದು ಇದ್ದರೆ ಓದುತ್ತೇನೆ. ಊರು ಬದಲಿಸಬೇಕಾದರೂ ತಯಾರಿದ್ದೇನೆ.

ನಿವೃತ್ತ ಮೇಷ್ಟ್ರು, ಮಂಡ್ಯ:

ನಿನ್ನ ಗೈಡ್ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ ಕಣಮ್ಮ. ಆ ಪ್ರಶ್ನೆಗೆ ಬಹಳ ಒಳ್ಳೆಯ ಉತ್ತರ ಕೊಟ್ಟ ಒಂದು ಅಧ್ಯಯನ ನಮ್ಮ ಮಂಡ್ಯದ ಮಣ್ಣಿನಲ್ಲೇ ನಡೆದಿದೆ. ಅದನ್ನು ಓದದೆ ನೀರಾವರಿ ಊರು, ಖುಷ್ಕಿ ಊರು ಎಂದು ಸಿನಾಪ್ಸಿಸ್ ಬರೆಯಬೇಡ.

ಸ್ಕಾರ್ಲೆಟ್ ಎಪ್‌ಸ್ಟೈನ್ ಅಂತ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರ್‌ನಲ್ಲಿ ಓದಿದ ಹೆಣ್ಣುಮಗಳು. 1954ರಿಂದ 56ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಇದ್ದು ಕೆಲಸ ಮಾಡಿದರು. ಊರುಗಳ ನಿಜ ಹೆಸರು ಮರೆಮಾಡಿ ವಂಗಲ, ದಲೇನ ಎಂದು ಕರೆದರು. 1962ರಲ್ಲಿ ಪುಸ್ತಕ ಬಂತು. 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ತಂದರು.

ಎರಡೂ ಊರಿನಲ್ಲಿ ಒಕ್ಕಲಿಗರೇ ಹೆಚ್ಚು. ಮಾತು ಒಂದೇ, ಆಡಳಿತ ಒಂದೇ, ಸಕ್ಕರೆ ಕಾರ್ಖಾನೆ ಇರುವ ಮಂಡ್ಯ ಎರಡಕ್ಕೂ ಹತ್ತಿರ. ಕನ್ನಂಬಾಡಿ ಕಟ್ಟೆ ಮುಗಿದ ಮೇಲೆ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ವಂಗಲಕ್ಕೆ ನೀರು ತಂದಿತು. ದಲೇನ ನಾಲೆಯ ಮಟ್ಟಕ್ಕಿಂತ ಮೇಲಿತ್ತು, ನೀರು ಹತ್ತಲಿಲ್ಲ. ಇಲ್ಲೇ ಸ್ವಲ್ಪ ನಿಂತು ಯೋಚಿಸು. ನಾಲೆ ನೀರು ಇಳಿಜಾರು ನೋಡಿ ಹರಿಯುತ್ತದೆ. ವಂಗಲದವರು ಹೆಚ್ಚು ಚುರುಕಿದ್ದರು, ಹೆಚ್ಚು ಹಣವಂತರಿದ್ದರು, ಅದಕ್ಕೇ ನೀರು ಬಂತು ಎಂದು ಹೇಳುವಂತಿಲ್ಲ. ಹೋಲಿಕೆಗೆ ಬೇಕಾದ್ದು ಇಂಥ ಜಾಗ: ವ್ಯತ್ಯಾಸ ಹುಟ್ಟಿದ್ದು ಊರಿನವರ ಗುಣದಿಂದಲ್ಲ, ನೆಲದ ಏರು ತಗ್ಗಿನಿಂದ.

ಈಗ ಫಲ ನೋಡು. ದುಡ್ಡು ಬಂದ ಊರು ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಹೇಳುತ್ತಾರೆ. ಅವರು ಕಂಡದ್ದು ಬೇರೆ. ವಂಗಲದಲ್ಲಿ ಕಬ್ಬಿನಿಂದ ಕೈಯಲ್ಲಿ ಕಾಸು ಆಡಿತು, ಆದರೆ ರೈತ ರೈತನಾಗೇ ಉಳಿದ. ಗದ್ದೆಗೆ ಆಳು ಹೆಚ್ಚು ಬೇಕಾಯಿತು, ಹಾಗಾಗಿ ಜಮೀನುದಾರನಿಗೂ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದ ದಲಿತ ಮನೆತನಕ್ಕೂ ಇದ್ದ ಹಳೆಯ ಕಟ್ಟುಪಾಡು ಗಟ್ಟಿಯಾಗೇ ಉಳಿಯಿತು. ದಲೇನದವರಿಗೆ ಊರಲ್ಲಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಆ ಊರಿನಲ್ಲಿ ಹಿರಿಯರ ಅಧಿಕಾರ, ಆಳು ಒಡೆಯರ ಸಂಬಂಧ, ಮನೆತನದ ಒಗ್ಗಟ್ಟು ಎಲ್ಲವೂ ಸಡಿಲಾದವು. ಹೊಸ ಆದಾಯ ಹಳೆಯ ಬದುಕಿನ ದಾರಿಯಲ್ಲೇ ಬಂದರೆ ಹಳೆಯ ವ್ಯವಸ್ಥೆ ಬಲವಾಗುತ್ತದೆ, ಬೇರೆ ದಾರಿಯಲ್ಲಿ ಬಂದರೆ ಕದಲುತ್ತದೆ. ವಂಗಲ ಒಂದನ್ನೇ ನೋಡಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ, ದಲೇನ ಒಂದನ್ನೇ ನೋಡಿದ್ದರೂ ಆಗುತ್ತಿರಲಿಲ್ಲ.

ನಾಲೆ ಬಂದ ಊರಲ್ಲಿ ಹೆಣ್ಣುಮಕ್ಕಳು ಹೆಚ್ಚು ಓದುತ್ತಾರೆ ಎಂದು ನೀನು ಅಂದುಕೊಂಡಿದ್ದರೆ, ಅದರ ವಿರುದ್ಧದ ಊಹೆಗೂ ಸಿನಾಪ್ಸಿಸ್‌ನಲ್ಲಿ ಜಾಗ ಇಡು.

ಕುಕ್ಕರಹಳ್ಳಿ ಏರಿ:

ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ, ಅದರ ಕಡೆಯಿಂದ ಒಂದೆರಡು ಮಾತು.

ಜಾನ್ ಸ್ಟುವರ್ಟ್ ಮಿಲ್ 1843ರಲ್ಲೇ ತರ್ಕದ ಮೇಲೆ ಬರೆಯುವಾಗ ಇದರ ಅಸ್ಥಿಪಂಜರ ಕೊಟ್ಟಿದ್ದಾನೆ. ಎರಡು ಸಂದರ್ಭಗಳು ಎಲ್ಲದರಲ್ಲೂ ಒಂದೇ, ಒಂದರಲ್ಲಿ ಮಾತ್ರ ಬೇರೆ, ಫಲವೂ ಬೇರೆ ಆದರೆ ಆ ಒಂದರಲ್ಲಿ ಕಾರಣ ಹುಡುಕು. ಎರಡು ಸಂದರ್ಭಗಳು ಎಲ್ಲದರಲ್ಲೂ ಬೇರೆ, ಒಂದರಲ್ಲಿ ಮಾತ್ರ ಒಂದೇ, ಫಲವೂ ಒಂದೇ ಆದರೆ ಆ ಸಮಾನ ಅಂಶದಲ್ಲಿ ಹುಡುಕು. ಸಮಾಜದಲ್ಲಿ ಇಷ್ಟು ಶುದ್ಧವಾಗಿ ಯಾವುದೂ ಸಿಗುವುದಿಲ್ಲ ಎಂದು ಮಿಲ್‌ಗೇ ಗೊತ್ತಿತ್ತು. 1970ರಲ್ಲಿ ಶೆವೋರ್ಸ್ಕಿ ಮತ್ತು ಟ್ಯೂನ್ ಇದನ್ನೇ ದೇಶ, ಪ್ರದೇಶಗಳ ಹೋಲಿಕೆಗೆ ಒಗ್ಗಿಸಿ, ಬಹಳ ಹೋಲುವ ವ್ಯವಸ್ಥೆಗಳ ವಿನ್ಯಾಸ, ಬಹಳ ಭಿನ್ನವಾದ ವ್ಯವಸ್ಥೆಗಳ ವಿನ್ಯಾಸ ಎಂದು ಎರಡು ದಾರಿ ಮಾಡಿದರು. ಮರುವರ್ಷ ಲೈಪಾರ್ಟ್ ಈ ವಿಧಾನದ ನಿಜವಾದ ಕಷ್ಟ ಏನೆಂದು ಬರೆದರು: ಪ್ರಕರಣಗಳು ಕೈಬೆರಳೆಣಿಕೆಯಷ್ಟು, ಕಾರಣವಾಗಬಹುದಾದ ಅಂಶಗಳು ಲೆಕ್ಕವಿಲ್ಲದಷ್ಟು.

ನಿಮ್ಮ ಮದ್ದೂರು, ನಾಗಮಂಗಲವನ್ನು ಈ ಕಣ್ಣಿನಿಂದ ನೋಡಿ. ಮದ್ದೂರಿನ ಮೇಲೆ ಬೆಂಗಳೂರು ಮೈಸೂರು ಹೆದ್ದಾರಿ ಹೋಗುತ್ತದೆ, ರೈಲು ಹೋಗುತ್ತದೆ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿ ಮಠವಿದೆ. ಬಿ.ಜಿ. ನಗರದಲ್ಲಿ ಮಠದ ವೈದ್ಯಕೀಯ ಕಾಲೇಜೂ ಇದೆ, ವಿಶ್ವವಿದ್ಯಾಲಯವೂ ಇದೆ. ನಾಳೆ ನಿಮ್ಮ ನಾಗಮಂಗಲದ ಊರಿನಲ್ಲಿ ಹೆಣ್ಣುಮಕ್ಕಳು ಹೆಚ್ಚು ಓದಿದ್ದು ಕಂಡರೆ ಅದು ನೀರಿಲ್ಲದ್ದರಿಂದಲೋ, ಮಠದ ಶಾಲಾ ಕಾಲೇಜು ಹತ್ತಿರ ಇದ್ದದ್ದರಿಂದಲೋ? ಎರಡೇ ಊರು ಇಟ್ಟುಕೊಂಡು ಇದನ್ನು ಬಿಡಿಸಲು ಯಾರಿಂದಲೂ ಆಗದು. ವೈವಾದಲ್ಲಿ ಮೊದಲ ಪ್ರಶ್ನೆಯೇ ಇದಾಗುತ್ತದೆ.

ನನ್ನ ಸಲಹೆ: ಎರಡು ಊರೂ ಒಂದೇ ಹೋಬಳಿಯಲ್ಲಿ ಇರಲಿ. ನಾಲೆಯ ಕೆಳಗೆ ಒಂದು, ನಾಲೆಯ ಮೇಲೆ ಒಂದು. ಮಕ್ಕಳು ಹತ್ತುವ ಬಸ್ಸು ಒಂದೇ, ಹೋಗುವ ಪಿಯು ಕಾಲೇಜು ಒಂದೇ ಆಗಿರಲಿ. ನಾಗಮಂಗಲದ ಊರನ್ನು ಬಿಡಬೇಡಿ, ಮೂರನೆಯದಾಗಿ ಆಮೇಲೆ ತನ್ನಿ. ಮೊದಲ ಜೋಡಿಯಲ್ಲಿ ಕಂಡ ಕಾರಣ ಅಷ್ಟು ಬೇರೆಯಾದ ಜಾಗದಲ್ಲೂ ಕೆಲಸ ಮಾಡುತ್ತದೆಯೇ ಎಂದು ನೋಡಲು ಅದು ಬೇಕಾಗುತ್ತದೆ.

ಕೊನೆ ಭಾಗದ ರೈತ:

ನಾನು ಓದಿರೋದು ಪಿಯುಸಿ, ವ್ಯವಸಾಯ ಮಾಡ್ಕೊಂಡಿವ್ನಿ. ಮೇಷ್ಟ್ರು ಬರ್ದಿದ್ದು ಓದ್ದೆ, ಒಂದ್ ಮಾತು ಹೇಳ್ಬೇಕು ಅನ್ನಿಸ್ತು.

ನಾಲೆ ಊರು ಅಂದ್ರೆ ಎಲ್ಲ ಒಂದೇ ಥರ ಇರಾಕಿಲ್ಲ ಕಣವ್ವ. ನಮ್ದು ಕೊನೆ ಭಾಗ. ಪಹಣೀಲಿ ತರಿ ಅಂತ್ಲೇ ಅದೆ, ನೀರು ಮಾತ್ರ ಮೇಲ್ಗಡೆ ತೂಬಿನೋರು ಬುಟ್ಮೇಲೆ ಬರ್ಬೇಕು. ಕಟ್ಟು ನೀರು ಅಂತ ಬುಡ್ತಾರಲ್ಲ, ಇಷ್ಟ್ ದಿನ ಬುಡೋದು ಇಷ್ಟ್ ದಿನ ನಿಲ್ಸೋದು, ಮೇಲಿನೋರ ಗದ್ದೆ ತುಂಬೋ ಹೊತ್ಗೆ ನಮ್ ಪಾಳಿ ಮುಗ್ದಿರ್ತದೆ. ಅವರು ಭತ್ತ ನಾಟಿ ಮಾಡ್ದಾಗ ನಾವು ರಾಗಿ ಚೆಲ್ಲಿರ್ತೀವಿ. ಖುಷ್ಕಿ ಅಂತೀರಲ್ಲ ಆ ಊರಲ್ಲಿ ಬೋರ್ ಕೊರ್ಸಿ ಕಬ್ಬು ಬೆಳೆಯೋರೂ ಅವ್ರೆ. ನಾಗಮಂಗಲದ ಕೆಲವು ಕಡೆಗೆ ಹೇಮಾವತಿ ನಾಲೆನೂ ಬಂದದೆ. ದಾಖಲೆ ನೋಡ್ಕೊಂಡು ಇದು ನೀರಿನ ಊರು ಇದು ನೀರಿಲ್ದ ಊರು ಅಂತ ಬರ್ಕೋಬೇಡಿ. ನೀರುಗಂಟೀನ ಕೇಳಿ, ಯಾವ ತೂಬಿಗೆ ಯಾವ ವಾರ ನೀರು ಮುಟ್ತು ಅಂತ ಅವನ ಬಾಯಲ್ಲಿ ಅದೆ.

ಇನ್ನೊಂದು. ಕಬ್ಬಿನ ದುಡ್ಡು ಕಾರ್ಖಾನೆಯಿಂದ ಯಾವಾಗ ಬತ್ತದೆ ಅನ್ನೋದರ ಮೇಲೆ ಎಷ್ಟೋ ಮನೇಲಿ ಕಾಲೇಜು ಫೀಜು ನಿಂತಿರ್ತದೆ. ಹಾಲಿನ ದುಡ್ಡು ಹಂಗಲ್ಲ, ಡೈರಿಯಿಂದ ತಿಂಗಳೊಳಗೇ ಕೈಗೆ ಬತ್ತದೆ, ಅದು ಹೆಂಗಸರ ಕೈಗೇ ಹೆಚ್ಗೆ ಹೋಗೋದು. ನೀರು ಅದೋ ಇಲ್ವೋ ಅಂತ ಮಾತ್ರ ಕೇಳಬೇಡಿ, ದುಡ್ಡು ಯಾರ ಕೈಗೆ ಯಾವಾಗ ಬತ್ತದೆ ಅಂತ್ಲೂ ಕೇಳಿ.

ಕುಕ್ಕರಹಳ್ಳಿ ಏರಿ:

ಅಣ್ಣ, ನಿಮ್ಮ ಕೊನೆಯ ಮಾತಿಗೆ ಕೈ ಮುಗಿಯುತ್ತೇನೆ. ಕಾರಣದಿಂದ ಫಲದವರೆಗೆ ನಡುವೆ ಯಾವ ಸರಪಳಿ ಇದೆ ಎಂದು ಹುಡುಕುವುದನ್ನು ನಾವು ತರಗತಿಯಲ್ಲಿ ಎಷ್ಟೋ ಗಂಟೆ ಹೇಳುತ್ತೇವೆ. ನೀವು ಹೇಳಿದ್ದು ಅದೇ.

ಪಡುವಾರಹಳ್ಳಿ ರೂಮು:

ಮೇಷ್ಟ್ರೇ, ಕುಕ್ಕರಹಳ್ಳಿ ಸರ್, ಅಣ್ಣ, ತುಂಬ ಉಪಕಾರವಾಯಿತು. ಎಪ್‌ಸ್ಟೈನ್ ಪುಸ್ತಕವನ್ನು ನಮ್ಮ ವಿಶ್ವವಿದ್ಯಾಲಯದ ಗಂಗೋತ್ರಿ ಲೈಬ್ರರಿಯಲ್ಲಿ ಹುಡುಕುತ್ತೇನೆ. ಒಂದು ಸಂದೇಹ. ನಾಲೆಯ ಮೇಲೆ ಕೆಳಗೆ ಅಕ್ಕಪಕ್ಕದ ಊರುಗಳನ್ನೇ ತೆಗೆದುಕೊಂಡರೆ ಅವರವರ ನಡುವೆ ಕೊಡುವುದು ತರುವುದು, ನೆಂಟಸ್ತಿಕೆ, ಕೂಲಿ ಎಲ್ಲ ಇರುತ್ತದಲ್ಲ? ಹತ್ತಿರ ಇದ್ದಷ್ಟೂ ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳುವುದಿಲ್ಲವೇ?

ಸರಸ್ವತಿಪುರಂ:

ಬಹಳ ಮುಖ್ಯವಾದದ್ದನ್ನು ಕೇಳಿದ್ದೀ ತಂಗಿ. ಈ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ, ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನದು ಮಾನವಶಾಸ್ತ್ರ.

1888ರಲ್ಲಿ ಲಂಡನ್ನಿನಲ್ಲಿ ಟೈಲರ್ 300ಕ್ಕೂ ಹೆಚ್ಚು ಸಮಾಜಗಳ ಮದುವೆ, ಮನೆತನದ ಪದ್ಧತಿಗಳನ್ನು ಒಟ್ಟಿಗಿಟ್ಟು ಯಾವುದರ ಜೊತೆ ಯಾವುದು ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಸಭೆಯಲ್ಲಿದ್ದ ಗಾಲ್ಟನ್ ಎದ್ದು ಕೇಳಿದ್ದು: ಈ ಸಮಾಜಗಳು ಒಂದರಿಂದೊಂದು ಕಲಿತಿದ್ದರೆ? ಒಂದೇ ಮೂಲದಿಂದ ಪಡೆದಿದ್ದರೆ? ಆಗ ನೀವು ಬೇರೆ ಬೇರೆ ಎಂದು ಎಣಿಸಿದ್ದು ಒಂದರದ್ದೇ ಪ್ರತಿಗಳಾಗಬಹುದಲ್ಲ? ಇದನ್ನು ಇಂದಿಗೂ ಗಾಲ್ಟನ್ ಸಮಸ್ಯೆ ಎನ್ನುತ್ತಾರೆ.

ಮಂಡ್ಯದಲ್ಲಿ ಇದು ಇನ್ನೂ ಬಿಗಿಯಾಗಿದೆ. ಮೇಷ್ಟ್ರು ಹೇಳಿದ ದಲೇನವನ್ನೇ ನೋಡಿ. ದಲೇನಕ್ಕೆ ನೀರು ಬರಲಿಲ್ಲ, ನಿಜ. ಆದರೆ ಆ ಊರಿನವರು ಕೆಲಸಕ್ಕೆ ಹೋದದ್ದು ನಾಲೆಯಿಂದ ಬೆಳೆದ ಮಂಡ್ಯಕ್ಕೆ. ಜಮೀನು ಕೊಂಡದ್ದು ನಾಲೆ ನೀರು ಬಂದ ಊರುಗಳಲ್ಲಿ. ಅವರ ಬದಲಾವಣೆಯೂ ನಾಲೆಯದೇ ಫಲ, ಬೇರೆ ದಾರಿಯಿಂದ ಬಂದದ್ದು. ಆದ್ದರಿಂದ ವಂಗಲ ಮತ್ತು ದಲೇನವನ್ನು ಹೋಲಿಸಿ ನಾಲೆ ಬರದೇ ಇದ್ದಿದ್ದರೆ ಈ ಸೀಮೆ ಹೇಗಿರುತ್ತಿತ್ತು ಎಂದು ಹೇಳಲು ಬರುವುದಿಲ್ಲ. ನಾಲೆ ಬಂದ ಸೀಮೆಯಲ್ಲಿ ನೀರು ಹತ್ತಿದ ಊರಿಗೂ ಹತ್ತದ ಊರಿಗೂ ಏನಾಯಿತು ಎಂದು ಹೇಳಬಹುದು. ಎರಡೂ ಒಳ್ಳೆಯ ಪ್ರಶ್ನೆಗಳೇ, ಆದರೆ ಬೇರೆ ಬೇರೆ. ನೀನು ಯಾವುದನ್ನು ಕೇಳುತ್ತಿದ್ದೀ ಎಂದು ಮೊದಲ ಪುಟದಲ್ಲೇ ಬರೆದಿಡು.

ನಿನ್ನ ವಿಷಯದಲ್ಲಿ ಈ ಗಂಟು ಮದುವೆಯಲ್ಲಿದೆ. ಮಂಡ್ಯ ಸೀಮೆಯಲ್ಲಿ ಹೆಣ್ಣು ಕೊಟ್ಟು ತರುವುದು ಒಂದೇ ಊರಿನೊಳಗೆ ನಿಲ್ಲುವುದಿಲ್ಲ, ಸುತ್ತಿನ ಊರುಗಳಿಗೆಲ್ಲ ಹರಡಿರುತ್ತದೆ. ಖುಷ್ಕಿ ಊರಿನ ಅಪ್ಪ ಮಗಳನ್ನು ಗದ್ದೆಯಿರುವ ಮನೆಗೆ ಕೊಡಬೇಕೆಂದು ನೋಡುತ್ತಾನೆ. ಗದ್ದೆಯಿರುವ ಮನೆಯವರು ಈಗ ಡಿಗ್ರಿ ಓದಿದ ಹುಡುಗಿ ಬೇಕೆಂದರೆ ಆ ಹುಡುಗಿಯ ಓದು ಮುಂದುವರಿಯುತ್ತದೆ. ಹೆಚ್ಚು ಓದಿದರೆ ಹಳ್ಳಿಯ ಗಂಡು ಒಪ್ಪುವುದಿಲ್ಲ ಎಂದುಕೊಂಡರೆ ಪಿಯುಸಿಗೇ ನಿಲ್ಲಿಸುತ್ತಾರೆ. ಬೆಂಗಳೂರಿನಲ್ಲಿ ಕೆಲಸವಿರುವ ಗಂಡು ಬೇಕೆಂದು ಹುಡುಗಿಯ ಮನೆಯವರೇ ಪಟ್ಟು ಹಿಡಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಅಂದರೆ ಖುಷ್ಕಿ ಊರಿನ ಹುಡುಗಿಯ ಓದಿನ ತೀರ್ಮಾನದ ಅರ್ಧ ನಾಲೆ ಊರಿನ ಜಗಲಿಯ ಮೇಲೆ ಆಗುತ್ತಿರುತ್ತದೆ. ಎರಡು ಊರನ್ನು ಎರಡು ಬೇರೆ ಪ್ರಕರಣ ಎಂದು ಕೋಷ್ಟಕದಲ್ಲಿ ಬರೆದರೆ ಈ ಎಳೆ ಕಣ್ಣಿಗೇ ಬೀಳುವುದಿಲ್ಲ.

ಇದನ್ನು ದೋಷ ಎಂದು ಬಚ್ಚಿಡಬೇಡ, ಅಧ್ಯಯನದ ಒಂದು ಭಾಗ ಮಾಡು. ಪ್ರತಿ ಮನೆಯಲ್ಲೂ ಸೊಸೆ ಯಾವ ಊರಿಂದ ಬಂದಳು, ಮಗಳು ಯಾವ ಊರಿಗೆ ಹೋದಳು, ಇಬ್ಬರೂ ಎಲ್ಲಿಯವರೆಗೆ ಓದಿದ್ದಾರೆ ಎಂದು ಬರೆದುಕೋ. ನೆಂಟಸ್ತಿಕೆಯ ಒಂದು ನಕ್ಷೆ ಸಿಗುತ್ತದೆ. ಅಷ್ಟು ನೆಂಟಸ್ತಿಕೆ ಇಲ್ಲದ ದೂರದ ಊರೊಂದು ಆಗ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಕುಕ್ಕರಹಳ್ಳಿಯವರು ಮೂರನೆಯ ಊರು ಎಂದದ್ದಕ್ಕೆ ನನ್ನ ಪ್ರಕಾರ ಇದು ಇನ್ನೊಂದು ಕಾರಣ.

ಅಂಕಿ ಸಂಖ್ಯೆ:

ಮೈಸೂರಿನವನು, ಈಗ ಬೆಂಗಳೂರಿನಲ್ಲಿ ದತ್ತಾಂಶದ ಕೆಲಸ. ಹಳ್ಳಿಗೆ ಹೋಗುವ ಮೊದಲು ಎಲ್ಲರೂ ಜನಗಣತಿ ಪುಸ್ತಕ ತೆಗೆಯುತ್ತಾರೆ, ಆದ್ದರಿಂದ ಎರಡು ಎಚ್ಚರಿಕೆ.

ಮೈಸೂರು ಜಿಲ್ಲೆಯ ಜನಸಂಖ್ಯೆ 1991ರಲ್ಲಿ ಸುಮಾರು 31.6 ಲಕ್ಷ, 2001ರಲ್ಲಿ ಸುಮಾರು 26.4 ಲಕ್ಷ. ಜನ ಕಡಿಮೆಯಾಗಲಿಲ್ಲ, 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಇದು ಎದ್ದು ಕಾಣುವ ಉದಾಹರಣೆ, ಯಾರಾದರೂ ಹಿಡಿಯುತ್ತಾರೆ. ಶೇಕಡಾವಾರು ಸಂಖ್ಯೆಗಳಲ್ಲಿ ಇದೇ ನಡೆದರೆ ಯಾರಿಗೂ ಕಾಣುವುದಿಲ್ಲ. ಎರಡು ಕಾಲವನ್ನು ಹೋಲಿಸುವಾಗ ಗಡಿ ಒಂದೇ ಇರುವಂತೆ ತಾಲ್ಲೂಕುಗಳನ್ನು ಕೂಡಿಸಿ ಹೊಸದಾಗಿ ಲೆಕ್ಕ ಮಾಡಬೇಕು. ಮಂಡ್ಯ ಜಿಲ್ಲೆಯೇ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬಂದದ್ದು, ಅದಕ್ಕೂ ಹಿಂದಿನ ಅಂಕಿ ಬೇಕಾದವರು ತಾಲ್ಲೂಕಿಗೇ ಇಳಿಯಬೇಕು. ಸಾಕ್ಷರತೆಯೂ ಹಾಗೆಯೇ. 1991ರಿಂದ 7 ವರ್ಷ ಮೇಲ್ಪಟ್ಟವರ ಲೆಕ್ಕ, ಅದಕ್ಕೆ ಹಿಂದಿನ ಪ್ರಕಟಿತ ದರಗಳ ಆಧಾರ ಬೇರೆ.

ಎರಡನೆಯದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ. ನಿಮ್ಮ ವಿಷಯ ಕಾಲೇಜು ಓದು, ಇದನ್ನು ಬಿಡಲು ಬರುವುದಿಲ್ಲ. ಇಂಥದನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಕ್ರಮ: ಬದಲಾವಣೆ ಬಂದ ಜಾಗದಲ್ಲಿ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸದಿಂದ, ಬಾರದ ಜಾಗದಲ್ಲಿ ಅದೇ ಅವಧಿಯ ವ್ಯತ್ಯಾಸವನ್ನು ಕಳೆಯುವುದು. ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ 1994ರಲ್ಲಿ ನ್ಯೂಜೆರ್ಸಿಯ ಕನಿಷ್ಠ ಕೂಲಿ ಏರಿಕೆಯನ್ನು ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೀಗೇ ಹೋಲಿಸಿದ್ದು. ಶಕ್ತಿ ಇಡೀ ರಾಜ್ಯಕ್ಕೆ ಒಂದೇ ದಿನ ಬಂದಿದ್ದರಿಂದ ಕರ್ನಾಟಕದೊಳಗೆ ಅದು ಬಾರದ ಜಿಲ್ಲೆ ಸಿಗುವುದಿಲ್ಲ. ಆದರೆ ಸರ್ಕಾರಿ ಬಸ್ಸು ಹೋಗದ, ಖಾಸಗಿ ಬಸ್ಸು ಆಟೋ ನಂಬಿದ ಊರುಗಳಿವೆ. ಅಲ್ಲಿಗೆ ಯೋಜನೆ ಕಾಗದದಲ್ಲಿ ಮಾತ್ರ ಬಂದಿದೆ. ಆ ಊರುಗಳು ಒಂದು ಕಡೆ, ಬಸ್ಸು ಬರುವ ಊರುಗಳು ಇನ್ನೊಂದು ಕಡೆ. ಬಸ್ಸು ಯಾವ ಊರಿಗೆ ಬಂತು ಅನ್ನುವುದು ನಾಲೆಯಂತೆ ಇಳಿಜಾರಿನಿಂದ ತೀರ್ಮಾನವಾದದ್ದಲ್ಲ, ರಸ್ತೆ, ಜನಸಂಖ್ಯೆ, ಶಾಸಕರ ಒತ್ತಡ ಎಲ್ಲ ಸೇರಿರುತ್ತದೆ. ಅದಕ್ಕೇ 2023ಕ್ಕಿಂತ ಹಿಂದಿನ ಕೆಲವು ವರ್ಷಗಳಲ್ಲಿ ಎರಡೂ ಗುಂಪಿನ ಊರುಗಳಲ್ಲಿ ಕಾಲೇಜು ಸೇರಿದವರ ಸಂಖ್ಯೆ ಒಂದೇ ರೀತಿ ಏರಿಳಿಯುತ್ತಿತ್ತೇ ಎಂದು ಮೊದಲು ನೋಡಬೇಕು.

ಒಂಟಿಕೊಪ್ಪಲ್:

ಸ್ವಲ್ಪ ವಿರುದ್ಧ ಮಾತು ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎರಡು ಊರು, ಮೂರು ಊರು ಎಂದು ಹೋದರೆ ಯಾವ ಊರೂ ನೆಟ್ಟಗೆ ಗೊತ್ತಾಗುವುದಿಲ್ಲ. ಎಂ.ಎನ್. ಶ್ರೀನಿವಾಸ್ ನಮ್ಮ ಮೈಸೂರಿನವರು. 1948ರಲ್ಲಿ ಕೊಡಗಹಳ್ಳಿಯಲ್ಲಿ ಕೂತು ಒಂದೇ ಊರನ್ನು ನೋಡಿದರು, ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟವು. ಆಮೇಲೆ ನೆನಪಿನಿಂದಲೇ ಆ ಊರನ್ನು ಬರೆದು 1976ರಲ್ಲಿ ಪ್ರಕಟಿಸಿದರು. ನೆನಪಿನಿಂದ ಬರೆಯುವಷ್ಟು ಒಂದು ಊರು ಒಳಗೆ ಇಳಿದಿರಬೇಕು. ಪಿಎಚ್‌ಡಿ ವಿದ್ಯಾರ್ಥಿನಿಗೆ ಸಿಗುವ ಸಮಯದಲ್ಲಿ ಮೂರು ಊರು ಮಾಡಿದರೆ ಮೂರರಲ್ಲೂ ಪ್ರಶ್ನಾವಳಿ ತುಂಬಿಸಿಕೊಂಡು ಬರುವುದಷ್ಟೇ ಆಗುತ್ತದೆ.

ಸರಸ್ವತಿಪುರಂ:

ಆಳಕ್ಕೆ ಇಳಿಯಬೇಕು ಅನ್ನುವುದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಶ್ರೀನಿವಾಸರು ಒಂದೇ ಊರಿನ ಲೇಖಕರಲ್ಲ. ರಾಂಪುರಕ್ಕೆ ಹೋಗುವ ಮೊದಲೇ ಕೊಡವರ ಮೇಲೆ ಕೆಲಸ ಮಾಡಿದ್ದರು, ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚಾರ ಅನುಸರಿಸಿ ಮೇಲೇರಲು ನೋಡುವುದಕ್ಕೆ ಹೇಳುವ ಸಂಸ್ಕೃತೀಕರಣ ಎಂಬ ಮಾತು ಕೊಡವರ ಮೇಲಿನ ಅವರ 1952ರ ಪುಸ್ತಕದಿಂದ ಬಂದದ್ದು. ರಾಂಪುರದಿಂದ ಹೊರಟ ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ನೋಡಿ: ಭೂಮಿ ಎಷ್ಟು, ಜನಬಲ ಎಷ್ಟು, ಶ್ರೇಣಿಯಲ್ಲಿ ಸ್ಥಾನ ಯಾವುದು ಎಂದು ಬೇರೆ ಯಾವ ಊರಿನಲ್ಲಿ ಬೇಕಾದರೂ ಕೇಳಬಹುದಾದ ಪ್ರಶ್ನೆಗಳಾಗಿ ಅದನ್ನು ಕಟ್ಟಿದರು. ಅದಕ್ಕೇ ಅದು ದೇಶದ ಮೂಲೆ ಮೂಲೆಗೂ ಹೋಯಿತು.

ಸಮಯದ ಮಾತು ನಿಜ. ಒಂದು ಊರಿನಲ್ಲಿ ಉಳಿದು ಆಳವಾಗಿ ನೋಡಿ, ಅಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಮಾತ್ರ ಹಿಡಿದುಕೊಂಡು ಇನ್ನೆರಡಕ್ಕೆ ಹೋಗಬಹುದು.

ಒಂಟಿಕೊಪ್ಪಲ್:

ಹಾಗಾದರೆ ಒಪ್ಪಿದೆ. ಒಂದು ಊರು ಮನೆ, ಉಳಿದವು ನೆಂಟರ ಮನೆ ಅಂದುಕೊಂಡು ಮಾಡಲಿ.

ಬೋಗಾದಿ ರಸ್ತೆ:

ಯಾರೂ ಹೇಳದ ಒಂದು ಅಪಾಯ ಹೇಳುತ್ತೇನೆ. ಹೆಣ್ಣುಮಕ್ಕಳು ಚೆನ್ನಾಗಿ ಓದಿರುವ ಊರುಗಳನ್ನೇ ಹುಡುಕಿ, ಅಲ್ಲೆಲ್ಲ ಏನು ಸಮಾನವಾಗಿದೆ ಎಂದು ನೋಡುವುದು. ಫಲ ನೋಡಿ ಪ್ರಕರಣ ಆರಿಸುವುದು ಎಂದರೆ ಇದೇ. ಬಾರ್ಬರಾ ಗೆಡ್ಡೆಸ್ 1990ರಲ್ಲಿ ಇದರ ಮೇಲೆ ಬರೆದ ಲೇಖನವನ್ನು ಪ್ರತಿ ವಿದ್ಯಾರ್ಥಿಯೂ ಓದಬೇಕು.

2015ರಲ್ಲಿ ನಮ್ಮ ಜಿಲ್ಲೆಯಲ್ಲಿ ರೈತರು ಜೀವ ಕಳೆದುಕೊಂಡ ದಿನಗಳು ನೆನಪಿವೆಯಲ್ಲ. ಎಷ್ಟೋ ಜನ ಆ ಮನೆಗಳಿಗೆ ಹೋಗಿ ಮಾತಾಡಿಸಿ ಬಂದರು. ಎಲ್ಲ ಮನೆಯಲ್ಲೂ ಸಾಲ ಇತ್ತು. ಆದರೆ ಪಕ್ಕದ ಮನೆಯಲ್ಲೂ ಸಾಲ ಇತ್ತು, ಆ ಮನೆಯ ಯಜಮಾನ ಬದುಕಿದ್ದಾನೆ. ಪಕ್ಕದ ಮನೆಗೆ ಹೋಗದಿದ್ದರೆ ಸಾಲದ ಜೊತೆ ಇನ್ನೇನು ಸೇರಿದಾಗ ಮನುಷ್ಯ ಮುರಿಯುತ್ತಾನೆ, ಯಾವುದು ಅವನನ್ನು ಹಿಡಿದು ನಿಲ್ಲಿಸುತ್ತದೆ ಅನ್ನುವುದು ತಿಳಿಯುವುದೇ ಇಲ್ಲ. ನೊಂದವರಿಗೆ ನ್ಯಾಯ ಸಲ್ಲಿಸಬೇಕಾದರೂ ಆ ಪಕ್ಕದ ಮನೆಯ ಕದ ತಟ್ಟಬೇಕು.

ಅಶುತೋಷ್ ವಾರ್ಷ್ಣೆಯ 2002ರಲ್ಲಿ ಹಿಂದೂ ಮುಸ್ಲಿಂ ಗಲಭೆಗಳ ಮೇಲೆ ಬರೆದಾಗ ಮಾಡಿದ್ದು ಇದೇ. ಗಲಭೆಯಾದ ಊರುಗಳಿಗಷ್ಟೇ ಹೋಗಲಿಲ್ಲ. ಅಲಿಗಢದ ಪಕ್ಕಕ್ಕೆ ಕಲ್ಲಿಕೋಟೆ, ಹೈದರಾಬಾದಿನ ಪಕ್ಕಕ್ಕೆ ಲಖನೌ, ಅಹಮದಾಬಾದಿನ ಪಕ್ಕಕ್ಕೆ ಸೂರತ್ ಇಟ್ಟರು. ಜೋಡಿಯಲ್ಲಿ ಎರಡೂ ಸಮುದಾಯಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ, ಒಂದು ಕಡೆ ಗಲಭೆ, ಒಂದು ಕಡೆ ಶಾಂತಿ. ಎರಡೂ ಸಮುದಾಯದವರು ಒಟ್ಟಿಗೆ ಇರುವ ಸಂಘಗಳು, ವ್ಯಾಪಾರ, ಕಾರ್ಮಿಕ ಸಂಘಟನೆ ಎಲ್ಲಿ ಗಟ್ಟಿಯಾಗಿದ್ದವೋ ಅಲ್ಲಿ ಶಾಂತಿ ಉಳಿದಿತ್ತು ಎಂಬ ವಾದ ಆ ಜೋಡಿಗಳಿಂದ ಬಂತು.

ಅಂಕಿ ಸಂಖ್ಯೆ:

ಬೋಗಾದಿಯವರ ಮಾತಿಗೆ ಸೇರಿಸುತ್ತೇನೆ. ಎರಡು ಊರಿಗಿಂತ ಹೆಚ್ಚು, ನೂರು ಊರಿಗಿಂತ ಕಡಿಮೆ ಇರುವಾಗ ಚಾರ್ಲ್ಸ್ ರೇಗಿನ್ 1987ರಲ್ಲಿ ತೋರಿಸಿದ ದಾರಿ ಇದೆ. ನೀರು, ಸರ್ಕಾರಿ ಬಸ್ಸು, ಹೆಂಗಸರ ಕೈಗೆ ಬರುವ ಹಾಲಿನ ದುಡ್ಡು, ಈ ಮೂರಕ್ಕೂ ಇದೆ ಇಲ್ಲ ಎಂದು ಗುರುತು ಹಾಕಿ. 8 ಜೋಡಣೆಗಳು ಆಗುತ್ತವೆ. ನಿಮ್ಮ ಊರುಗಳನ್ನು ಆಯಾ ಸಾಲಿನಲ್ಲಿ ಕೂರಿಸಿ, ಯಾವ ಸಾಲು ಖಾಲಿ ಉಳಿಯಿತು ನೋಡಿ. ಎರಡು ಊರು ಇದ್ದರೆ 6 ಸಾಲಾದರೂ ಖಾಲಿ. ಆ ಖಾಲಿ ಸಾಲುಗಳ ಬಗ್ಗೆ ಏನೂ ಹೇಳುವ ಹಕ್ಕು ನಮಗಿಲ್ಲ. ಇದರಿಂದ ಇನ್ನೊಂದು ಲಾಭ: ಒಂದೇ ಫಲಕ್ಕೆ ಎರಡು ದಾರಿ ಇರಬಹುದು ಅನ್ನುವುದು ಕಾಣುತ್ತದೆ. ನಾಲೆ ಊರಿನಲ್ಲಿ ದುಡ್ಡಿದ್ದದ್ದಕ್ಕೆ ಹುಡುಗಿ ಓದಿರಬಹುದು, ಖುಷ್ಕಿ ಊರಿನಲ್ಲಿ ನಂಬಲು ಜಮೀನಿಲ್ಲದ್ದಕ್ಕೇ ಓದಿರಬಹುದು. ಸರಾಸರಿ ತೆಗೆದರೆ ಇವೆರಡೂ ಅಳಿಸಿಹೋಗುತ್ತವೆ.

ತಿರುಮಕೂಡಲು:

ಕೇಳುತ್ತ ಕೂತಿದ್ದೆ, ನನ್ನದೂ ಒಂದು ಪ್ರಶ್ನೆ. ಇತಿಹಾಸ ವಿಭಾಗದವನು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಾವೇರಿಯ ಈಚೆ ದಡದ ಮಳವಳ್ಳಿ ಮೈಸೂರು ಸಂಸ್ಥಾನ. ನಡುವೆ ಶಿವನಸಮುದ್ರ. ಬ್ರಿಟಿಷ್ ಆಳ್ವಿಕೆಯ ಊರುಗಳು, ರಾಜರ ಆಳ್ವಿಕೆಯ ಊರುಗಳು ಎಂದು ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗ ಉಂಟೆ?

ಕುಕ್ಕರಹಳ್ಳಿ ಏರಿ:

ಜಾಗ ಒಳ್ಳೆಯದೇ. ದೇಶದ ಮಟ್ಟದಲ್ಲಿ ಲಕ್ಷ್ಮಿ ಅಯ್ಯರ್ 2010ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಬ್ರಿಟಿಷರು ಒಳ್ಳೆಯ ಜಮೀನಿರುವ ಪ್ರದೇಶಗಳನ್ನು ನೋಡಿಯೇ ವಶಪಡಿಸಿಕೊಂಡಿರಬಹುದು ಎಂಬ ತೊಡಕಿಗೆ, ಡಾಲ್‌ಹೌಸಿಯ ಕಾಲದಲ್ಲಿ ಮಕ್ಕಳಿಲ್ಲದೆ ಅರಸ ಸತ್ತು ಕೈಬಿಟ್ಟುಹೋದ ಸಂಸ್ಥಾನಗಳನ್ನು ಬಳಸಿದರು. ಅರಸನಿಗೆ ಗಂಡು ಸಂತಾನ ಇಲ್ಲದ್ದು ಆ ಸೀಮೆಯ ಮಣ್ಣಿನ ಗುಣದಿಂದಲ್ಲವಲ್ಲ. ಮೇಷ್ಟ್ರು ಹೇಳಿದ ನಾಲೆಯ ಇಳಿಜಾರಿನ ತರ್ಕವೇ ಇದು.

ನಿಮ್ಮ ಜೋಡಿಗೆ ಎರಡು ತೊಡಕು ಇವೆ. 1831ರಿಂದ 1881ರವರೆಗೆ ಮೈಸೂರನ್ನೂ ಬ್ರಿಟಿಷ್ ಕಮಿಷನರುಗಳೇ ಆಳಿದರು. ಆದ್ದರಿಂದ ಮಳವಳ್ಳಿಯನ್ನು ರಾಜರ ಆಳ್ವಿಕೆ ಎಂದು ಒಂದೇ ಹೆಸರಿನಿಂದ ಕರೆಯಲಾಗದು, 1881ರ ನಂತರದ ವ್ಯತ್ಯಾಸ ಎಂದು ಸ್ಪಷ್ಟ ಮಾಡಿಕೊಳ್ಳಬೇಕು. ಎರಡನೆಯದಾಗಿ, 1930ರ ದಶಕದಿಂದ ಮಳವಳ್ಳಿ ಕಡೆಗೆ ನಾಲೆ ನೀರು ಬಂತು. ನಾಲೆ ಮುಟ್ಟದ ಊರುಗಳನ್ನೇ ಆರಿಸಿದರೆ ಆಳ್ವಿಕೆಯ ಪ್ರಭಾವ ನೀರಿನ ಪ್ರಭಾವದೊಂದಿಗೆ ಬೆರೆಯುವುದು ತಪ್ಪುತ್ತದೆ.

ಪಡುವಾರಹಳ್ಳಿ ರೂಮು:

ಎಲ್ಲವನ್ನೂ ಬರೆದುಕೊಂಡಿದ್ದೇನೆ. ಈಗ ಹೀಗೆ ಅಂದುಕೊಂಡಿದ್ದೇನೆ: ಮದ್ದೂರು ತಾಲ್ಲೂಕಿನ ಒಂದೇ ಹೋಬಳಿಯಲ್ಲಿ ನಾಲೆ ಕೆಳಗಿನ ಊರು, ಮೇಲಿನ ಊರು. ಕೆಳಗಿನ ಊರಿನಲ್ಲೇ ಹೆಚ್ಚು ಕಾಲ ಇರುತ್ತೇನೆ. ಆಮೇಲೆ ನಾಗಮಂಗಲದಲ್ಲಿ, ಬಿ.ಜಿ. ನಗರದಿಂದ ದೂರದ, ಹೇಮಾವತಿ ನೀರು ಬಾರದ ಒಂದು ಊರು. ಅಣ್ಣ, ಯಾವ ತಿಂಗಳಲ್ಲಿ ಹೋದರೆ ಜನ ಮಾತಿಗೆ ಸಿಗುತ್ತಾರೆ?

ಕೊನೆ ಭಾಗದ ರೈತ:

ನಾಟಿ ಟೈಮ್ನಾಗೆ ಬರ್ಬೇಡಿ, ಹೆಂಗಸರು ಬೆಳಗಿಂದ ಗದ್ದೇಲೇ ಇರ್ತಾರೆ. ಸುಗ್ಗಿ ಮುಗ್ದು ಯುಗಾದಿ ಹತ್ರ ಬಂದ್ರೆ ಕೈ ಬಿಡುವಿರ್ತದೆ. ಒಂದೂರ್ಗೆ ಸುಗ್ಗೀಲಿ, ಇನ್ನೊಂದೂರ್ಗೆ ಬೇಸಗೇಲಿ ಹೋಗ್ಬೇಡಿ, ಹೋದ್ರೆ ಎರಡಕ್ಕೂ ಅದೇ ಕಾಲದಾಗೆ ಹೋಗಿ. ಸುಗ್ಗೀಲಿ ಕೇಳುದ್ರೆ ಮಗಳನ್ನ ಓದಿಸ್ತೀವಿ ಅಂತಾನೆ, ಬೇಸಗೇಲಿ ಅದೇ ಮನುಷ್ಯ ನೋಡಾನ ಅಂತಾನೆ. ಇನ್ನೊಂದು, ಯಜಮಾನ್ರ ಮನೇಲೇ ಇಳ್ಕೋಬೇಡಿ. ಕೇರಿಯೋರು ಅಲ್ಲಿಗೆ ಬಂದು ಮಾತಾಡಾಕಿಲ್ಲ. ಅಂಗನವಾಡಿ ಟೀಚರ್ರನ್ನ ಮೊದ್ಲು ಕಾಣಿ, ಯಾವ ಮನೆ ಹುಡುಗಿ ಎಲ್ಲಿ ತಂಕ ಓದಿದಾಳೆ ಅಂತ ಅವರಿಗೆ ಗೊತ್ತಿರ್ತದೆ.

ತಿರುಮಕೂಡಲು:

ಕುಕ್ಕರಹಳ್ಳಿ ಸರ್, ಹಾಗಾದರೆ 1881ರ ನಂತರಕ್ಕೆ ಸೀಮಿತ ಮಾಡುತ್ತೇನೆ. ಹಳೆಯ ಅಂಕಿಗಳನ್ನು ಎಲ್ಲಿ ನೋಡಲಿ?

ಅಂಕಿ ಸಂಖ್ಯೆ:

1951ರ ಜನಗಣತಿಯಲ್ಲಿ ಕೊಳ್ಳೇಗಾಲ ಮದ್ರಾಸ್ ಸಂಪುಟದ ಕೊಯಮತ್ತೂರು ಜಿಲ್ಲೆಯ ಕೆಳಗೆ ಬರುತ್ತದೆ, ಮಳವಳ್ಳಿ ಮೈಸೂರು ಸಂಪುಟದ ಮಂಡ್ಯ ಜಿಲ್ಲೆಯ ಕೆಳಗೆ. ಎರಡೂ ಸಂಪುಟ ತೆಗೆಸಿ, ವೃತ್ತಿಗಳ ವಿಂಗಡಣೆ ಎರಡರಲ್ಲೂ ಒಂದೇ ರೀತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಅದಕ್ಕೂ ಹಿಂದಿನ ದಶಕಗಳಿಗೆ ಹೋಗುವಾಗ ಪ್ರತಿ ಜನಗಣತಿಯ ಸೂಚನೆಗಳ ಭಾಗವನ್ನೂ ಓದಿ.